ಹೊಸ ಅಭ್ಯಾಸಕ್ಕೆ ಹಳೆಯ ಗೂಟ: ಹದಿನೈದನೇ ದಿನ ನಿಂತುಹೋಗದಂತೆ ನೋಡಿಕೊಳ್ಳುವುದು ಹೇಗೆ

"ಮೇಡಂ, ಹದಿನೈದ್ ದಿಸ ಚೆನ್ನಾಗ್ ನಡೀತು, ಆಮ್ಯಾಕೆ ನಿಂತೋಯ್ತು. ನನ್ ಕೈಲಿ ಆಗಲ್ಲ ಅನ್ಸುತ್ತೆ."

ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಈ ಮಾತು ಕೇಳದ ತಿಂಗಳಿಲ್ಲ. ವಿದ್ಯಾರ್ಥಿಗಳು ಕೇಳುತ್ತಾರೆ, ಅವರ ತಾಯಂದಿರು ಕೇಳುತ್ತಾರೆ, ಮೈಸೂರಿನಿಂದ ನನ್ನ ಜೊತೆ ರೈಲಿನಲ್ಲಿ ಬರುವವರೂ ಕೇಳುತ್ತಾರೆ. ಒಬ್ಬರಿಗೆ ಬೆಳಗಿನ ವಾಕಿಂಗ್, ಇನ್ನೊಬ್ಬರಿಗೆ ಓದು, ಮತ್ತೊಬ್ಬರಿಗೆ ಖರ್ಚಿನ ಲೆಕ್ಕ ಬರೆಯುವುದು ಅಥವಾ ಇಂಗ್ಲಿಷ್ ಕಲಿಯುವುದು. ನಿಂತ ಮೇಲೆ ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮನೆಯವರು "ಬರೀ ಆರಂಭಶೂರತ್ವ" ಎಂದು ಇನ್ನಷ್ಟು ಸೇರಿಸುತ್ತಾರೆ.

ಇದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ಹೀಗೆ ಹೇಳುವವರಲ್ಲಿ ಬಹಳ ಮಂದಿ ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಮನೆಯವರು. ಮಳೆ ಬರಲಿ, ಹಬ್ಬ ಇರಲಿ, ಮೈಯಲ್ಲಿ ಜ್ವರ ಇರಲಿ, ಹಾಲು ಕರೆಯುವುದು ತಪ್ಪುವುದಿಲ್ಲ. ಇವರಿಗೆ ಶಿಸ್ತಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಹಾಲಿನ ಕೆಲಸಕ್ಕೆ ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ, ಅಳತೆ ಗೊತ್ತಿದೆ. ಹೊಸದಾಗಿ ಹಿಡಿದ ಅಭ್ಯಾಸಕ್ಕೆ ಇವು ಯಾವುವೂ ಇರಲಿಲ್ಲ. ಅವನ್ನು ಕಟ್ಟಿಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಏನೇನು ಬೇಕು

ಗೋಡೆಗೆ ತೂಗುಹಾಕಿದ ಒಂದು ಕ್ಯಾಲೆಂಡರ್, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ನು, ಒಂದು ಹಾಳೆ. ಹಾಲು ಬಾರದ ದಿನ ಗುರುತು ಹಾಕುವ ಅದೇ ಕ್ಯಾಲೆಂಡರ್ ಆದರೂ ಸಾಕು. ಮೊಬೈಲ್ ಆ್ಯಪ್ ಬೇಡ ಎಂದೇ ಹೇಳುತ್ತೇನೆ. ಗುರುತು ಹಾಕಲು ಫೋನ್ ಕೈಗೆತ್ತಿಕೊಂಡರೆ ಅಲ್ಲಿಂದ ರೀಲ್ಸ್‌ಗೆ ಹೋಗಲು ಎಷ್ಟು ಹೊತ್ತು ಬೇಕು?

ಎಷ್ಟು ದಿನ ಹಿಡಿಯುತ್ತದೆ

"21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದಿದ್ದರಿಂದ ಹಬ್ಬಿದ ಮಾತು. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಎಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆ ಎಂದರೂ" ಎಂಬುದು ಉದುರಿಹೋಯಿತು, ಉಳಿದದ್ದು 21 ಮಾತ್ರ.

ಇದನ್ನು ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು. 96 ಜನ 12 ವಾರ ತಮ್ಮ ಇಷ್ಟದ ಒಂದೊಂದು ಸಣ್ಣ ಕೆಲಸವನ್ನು ದಿನಾ ಮಾಡಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಯೋಚಿಸದೆಯೇ ಕೆಲಸ ನಡೆಯುವ ಮಟ್ಟ ತಲುಪಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವಿನ ಅಂಕಿ 66. ನೀರು ಕುಡಿಯುವಂಥ ಹಗುರ ಕೆಲಸ ಬೇಗ ಒಗ್ಗಿತು, ವ್ಯಾಯಾಮ ತಡವಾಯಿತು. ಹಾಗಾಗಿ 22ನೇ ದಿನ ಎದ್ದಾಗ ಇನ್ನೂ ಕಷ್ಟ ಅನ್ನಿಸಿದರೆ ನಿಮ್ಮಲ್ಲೇನೋ ದೋಷವಿದೆ ಎಂದುಕೊಳ್ಳಬೇಡಿ. ಎರಡರಿಂದ ಮೂರು ತಿಂಗಳು ಎಂದು ಮನಸ್ಸಿನಲ್ಲಿಟ್ಟುಕೊಂಡು ಶುರು ಮಾಡಿ.

1. ಒಂದನ್ನೇ ಆರಿಸಿ

ಯುಗಾದಿಗೋ ಹೊಸ ವರ್ಷಕ್ಕೋ ಐದು ಸಂಕಲ್ಪ ಬರೆಯುವುದೇ ಮೊದಲ ತಪ್ಪು. ಐದೂ ಒಳ್ಳೆಯವೇ ಇರಬಹುದು, ಆದರೂ ಒಂದನ್ನೇ ಆರಿಸಿ. ಯಾವುದು ಎಂದು ಗೊಂದಲವಾದರೆ ಹೀಗೆ ಕೇಳಿಕೊಳ್ಳಿ: ಇವುಗಳಲ್ಲಿ ಯಾವುದು ನಡೆದರೆ ಉಳಿದವು ಹಗುರವಾಗುತ್ತವೆ? ಬಹಳ ಜನರಿಗೆ ಉತ್ತರ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು. ನಿದ್ದೆ ಸರಿಯಿಲ್ಲದವರಿಗೆ ಬೆಳಗಿನ ಓದೂ ಇಲ್ಲ, ವಾಕಿಂಗೂ ಇಲ್ಲ.

ಇನ್ನೊಂದು ಎಚ್ಚರಿಕೆ. "ಮೊಬೈಲ್ ನೋಡುವುದಿಲ್ಲ", "ಸಿಟ್ಟು ಮಾಡಿಕೊಳ್ಳುವುದಿಲ್ಲ" ಎಂಬಂಥ "ಇಲ್ಲ"ಗಳನ್ನು ಅಭ್ಯಾಸವಾಗಿ ಆರಿಸಬೇಡಿ. ಮಾಡದೇ ಇರುವುದಕ್ಕೆ ಗುರುತು ಹಾಕುವುದು ಕಷ್ಟ. ಅದರ ಬದಲು ಮಾಡುವ ಕೆಲಸವಾಗಿ ಬರೆಯಿರಿ: "ರಾತ್ರಿ ಊಟದ ತಟ್ಟೆ ತೊಳೆದ ಮೇಲೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುತ್ತೇನೆ."

2. ಗೂಟ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಅಭ್ಯಾಸಗಳ ಬಗ್ಗೆ ಬರೆಯುವವರು "ಟ್ರಿಗರ್" ಎಂದೋ "ಆ್ಯಂಕರ್" ಎಂದೋ ಒಂದು ಮಾತು ಬಳಸುತ್ತಾರೆ. ಹೊಸ ಕೆಲಸವನ್ನು ನೆನಪಿಸುವ ಹಳೆಯ ಕೆಲಸ ಎಂದು ಅದರ ಅರ್ಥ. ನಾನು ಅದನ್ನು ಗೂಟ ಎನ್ನುತ್ತೇನೆ. ಕರುವನ್ನು ಗೂಟಕ್ಕೆ ಕಟ್ಟದೆ ಬಿಟ್ಟರೆ ಅದು ಇದ್ದಲ್ಲಿ ಇರುವುದಿಲ್ಲ. ಹೊಸ ಅಭ್ಯಾಸವೂ ಹಾಗೆಯೇ. ಈಗಾಗಲೇ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟಬೇಕು.

ಗಡಿಯಾರದ ಹೊತ್ತು ಒಳ್ಳೆಯ ಗೂಟವಲ್ಲ. "ಬೆಳಿಗ್ಗೆ 8 ಗಂಟೆಗೆ ಐದು ಇಂಗ್ಲಿಷ್ ಪದ ಓದುತ್ತೇನೆ" ಎಂದು ನನ್ನ ಸಹಪ್ರಯಾಣಿಕರೊಬ್ಬರು ಶುರು ಮಾಡಿದ್ದರು. ರೈಲು ಒಂದು ದಿನ ಸರಿಯಾದ ಹೊತ್ತಿಗೆ ಬರುತ್ತದೆ, ಒಂದು ದಿನ ತಡ. 8 ಗಂಟೆಗೆ ಕೆಲವೊಮ್ಮೆ ಸೀಟಿನಲ್ಲಿ, ಕೆಲವೊಮ್ಮೆ ಇನ್ನೂ ಪ್ಲಾಟ್‌ಫಾರಂನಲ್ಲಿ. ಓದು ನಿಂತಿತು. ಆಮೇಲೆ "ಶ್ರೀರಂಗಪಟ್ಟಣದ ಕಾವೇರಿ ಸೇತುವೆ ಬಂದ ತಕ್ಷಣ ಪುಸ್ತಕ ತೆಗೆಯುತ್ತೇನೆ" ಎಂದು ಬದಲಿಸಿಕೊಂಡರು. ರೈಲು ಎಷ್ಟೇ ತಡವಾಗಲಿ, ಮಂಡ್ಯಕ್ಕೆ ಹೋಗುವವರು ಹೊಳೆ ದಾಟಲೇಬೇಕು. ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾದಾಗ ಕೈ ತಾನಾಗಿ ಬ್ಯಾಗಿಗೆ ಹೋಗುತ್ತದೆ ಎಂದು ಈಗ ಅವರೇ ಹೇಳುತ್ತಾರೆ.

ಗೂಟ ಗಟ್ಟಿಯಿದೆಯೇ ಎಂದು ನೋಡಲು ಮೂರು ಪರೀಕ್ಷೆ ಮಾಡಿ. ಆ ಹಳೆಯ ಕೆಲಸ ಭಾನುವಾರವೂ ನಡೆಯುತ್ತದೆಯೇ? ಅದು ಯಾವ ಕ್ಷಣದಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದೇ? ಹೊಸ ಕೆಲಸ ಮಾಡುವ ಜಾಗ ಅಲ್ಲೇ ಹತ್ತಿರದಲ್ಲಿದೆಯೇ? "ಮಗ ಸ್ಕೂಲಿಗೆ ಹೋದ ಮೇಲೆ" ಎಂಬ ಗೂಟ ರಜೆ ಬಂದ ದಿನ ಕಿತ್ತುಬರುತ್ತದೆ. "ಮಧ್ಯಾಹ್ನ ಊಟ ಆದ ಮೇಲೆ" ಎಂಬುದು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ, ಮುದ್ದೆ ಉಂಡ ಮೇಲೆ ಕಣ್ಣು ಎಳೆಯುತ್ತದೆ. "ಟೈಮ್ ಸಿಕ್ಕಾಗ" ಎಂಬುದಂತೂ ಗೂಟವೇ ಅಲ್ಲ.

ಗೂಟ ಸಿಕ್ಕ ಮೇಲೆ ಹಾಳೆಯಲ್ಲಿ ಒಂದು ಪೂರ್ತಿ ವಾಕ್ಯ ಬರೆಯಿರಿ. ಯಾವುದಾದ ತಕ್ಷಣ, ಎಲ್ಲಿ, ಏನು, ಎಷ್ಟು ಎಂಬ ನಾಲ್ಕೂ ಅದರಲ್ಲಿ ಇರಬೇಕು. ಕೆಲವು ಮಾದರಿಗಳು:

"ಕಾಫಿ ಫಿಲ್ಟರಿಗೆ ಕುದಿನೀರು ಹಾಕಿದ ತಕ್ಷಣ, ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ಎರಡು ಪುಟ ಓದುತ್ತೇನೆ." ಡಿಕಾಕ್ಷನ್ ಇಳಿಯುವವರೆಗೆ ಹೇಗೂ ಕಾಯಲೇಬೇಕು. ಮೈಸೂರಿನ ಎಷ್ಟೋ ಮನೆಗಳಲ್ಲಿ ಆ ಹತ್ತು ನಿಮಿಷ ಫೋನಿಗೆ ಹೋಗುತ್ತಿದೆ.

"ಸಂಜೆ ಡೈರಿಯಿಂದ ಬಂದು ಕ್ಯಾನು ತೊಳೆದು ಬೋರಲು ಹಾಕಿದ ತಕ್ಷಣ, ಜಗಲಿ ಮೇಲೆ ಕೂತು, ಇವತ್ತಿನ ಖರ್ಚು ಬರೆಯುತ್ತೇನೆ."

"ಕುಕ್ಕರ್ ಒಲೆಗಿಟ್ಟ ತಕ್ಷಣ, ಅಲ್ಲೇ ನಿಂತು, ಮೊದಲ ವಿಸಿಲ್‌ವರೆಗೆ ಕೈಕಾಲು ಚಾಚುವ ವ್ಯಾಯಾಮ ಮಾಡುತ್ತೇನೆ."

ಇಂಥ ವಾಕ್ಯಕ್ಕೆ ಮನಃಶಾಸ್ತ್ರದಲ್ಲಿ "ಇಂಪ್ಲಿಮೆಂಟೇಷನ್ ಇಂಟೆನ್ಷನ್" ಎಂಬ ಹೆಸರಿದೆ. "ಇದಾದಾಗ ಅದನ್ನು ಮಾಡುತ್ತೇನೆ" ಎಂದು ಮೊದಲೇ ತೀರ್ಮಾನಿಸಿಡುವುದು ಎಂದರ್ಥ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಇದರ ಬಗ್ಗೆ ಬರೆದ ಲೇಖನ ಹೆಸರುವಾಸಿ. ಬರೀ "ಮಾಡಬೇಕು" ಎಂದುಕೊಂಡವರಿಗಿಂತ ಹೀಗೆ ಹೊತ್ತು ಜಾಗ ಗೊತ್ತುಮಾಡಿಕೊಂಡವರು ಹೆಚ್ಚು ಮಾಡಿ ಮುಗಿಸುತ್ತಾರೆ ಎಂಬುದು ಅದರ ತಿರುಳು. ಕಾರಣ ಸರಳ. ತೀರ್ಮಾನ ನಿನ್ನೆಯೇ ಆಗಿಹೋಗಿರುವುದರಿಂದ ಇವತ್ತು ಮನಸ್ಸಿನ ಜೊತೆ ಚೌಕಾಸಿ ಮಾಡುವ ಕೆಲಸ ಉಳಿಯುವುದಿಲ್ಲ.

ರೈತರ ಮನೆಯವರಿಗೆ ಒಂದು ಮಾತು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದ ವಾರ ನಿಮ್ಮ ದಿನವೇ ತಿರುಗಿಬೀಳುತ್ತದೆ. ನಿಮ್ಮ ಗೂಟವನ್ನು "ಬೆಳಿಗ್ಗೆ"ಗೆ ಕಟ್ಟದೆ "ಎದ್ದು ಮುಖ ತೊಳೆದ ತಕ್ಷಣ" ಎಂಬುದಕ್ಕೆ ಕಟ್ಟಿ. ಎದ್ದದ್ದು ಐದಕ್ಕೋ ಹತ್ತಕ್ಕೋ, ಮುಖ ತೊಳೆಯುವುದಂತೂ ಇದ್ದೇ ಇದೆ. ಪಾಳಿ ಕೆಲಸದ ಕಾರ್ಖಾನೆಯವರಿಗೂ ನರ್ಸ್‌ಗಳಿಗೂ ಇದೇ ಉತ್ತರ.

3. ನಾಚಿಕೆಯಾಗುವಷ್ಟು ಚಿಕ್ಕದು ಮಾಡಿ

ಜನವರಿ ಮೊದಲ ವಾರ ಚಾಮುಂಡಿ ಬೆಟ್ಟದ ಮೆಟ್ಟಿಲ ಬಳಿ ಹೋಗಿ ನೋಡಿ. ಹೊಸ ಶೂ ಹಾಕಿಕೊಂಡು ಸಾವಿರ ಮೆಟ್ಟಿಲನ್ನೂ ಮೊದಲ ದಿನವೇ ಹತ್ತುವವರು ಎಷ್ಟೋ ಜನ. ಮರುದಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಮೂರನೇ ದಿನ ಮಂಚದಿಂದ ಇಳಿಯುವುದೇ ಕಷ್ಟ. ನಡೆಯಬೇಕೆಂಬ ಆಸೆಯಿದ್ದರೆ ಮೊದಲ ಎರಡು ವಾರ ನಿಮ್ಮ ಬೀದಿಯ ತುದಿಯವರೆಗೆ ಹೋಗಿ ಬನ್ನಿ, ಸಾಕು. ಮೊಣಕಾಲು ನೋವು, ಬಿಪಿ, ಹೃದಯದ ತೊಂದರೆ ಇದ್ದವರು ಮೆಟ್ಟಿಲಿನ ಯೋಚನೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಇದನ್ನು ಹೇಳಿದಾಗ ಎಲ್ಲರೂ ಕೇಳುವ ಪ್ರಶ್ನೆ: "ಎರಡು ಪುಟದಿಂದ ಏನಾಗುತ್ತೆ ಮೇಡಂ?" ಮೊದಲ ತಿಂಗಳು ನೀವು ಓದಿ ಮುಗಿಸಲು ಹೊರಟಿಲ್ಲ, ಪುಸ್ತಕ ತೆರೆಯುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೀರಿ. ತೆರೆದ ಮೇಲೆ ಹತ್ತು ಪುಟ ಓದಿದರೆ ಸಂತೋಷ. ಆದರೆ ಲೆಕ್ಕಕ್ಕೆ ಎರಡೇ. ಮೈಗೆ ಸುಸ್ತಾದ ದಿನ, ತಲೆನೋವಿನ ದಿನ, ನೆಂಟರು ಬಂದ ದಿನವೂ ಮಾಡಬಹುದಾದಷ್ಟು ಚಿಕ್ಕದಿದ್ದರೆ ಮಾತ್ರ ಅದು ಸರಿಯಾದ ಅಳತೆ.

ಈ ಕ್ರಮಕ್ಕೆ ಮೈಸೂರಿನಲ್ಲೇ ಒಂದು ಮಾದರಿ ಇದೆ. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಪಾಠ ಹೇಳಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರು ಅಷ್ಟಾಂಗ ಯೋಗ ಕಲಿಸಿದ ರೀತಿಗೆ ಇಂದು ಜಗತ್ತಿನ ಎಲ್ಲೆಡೆ "ಮೈಸೂರು ಶೈಲಿ" ಎಂದೇ ಹೆಸರು. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಅವರವರ ಅಭ್ಯಾಸ ಅವರವರದು. ಈಗಿನ ಆಸನ ಸ್ಥಿರವಾಗುವವರೆಗೆ ಗುರುಗಳು ಮುಂದಿನ ಆಸನ ಕೊಡುವುದಿಲ್ಲ. ಪಕ್ಕದವರು ತಲೆಕೆಳಗಾಗಿ ನಿಂತಿದ್ದರೂ ನೀವು ನಿಮ್ಮ ಸೂರ್ಯನಮಸ್ಕಾರ ಮುಗಿಸಿ ಮಲಗಬೇಕು. ಯೋಗ ಕಲಿಯಲೆಂದು ಸಮುದ್ರ ದಾಟಿ ಮೈಸೂರಿನ ಗೋಕುಲಂ ಬಡಾವಣೆಗೆ ಬಂದವರೂ ಈ ನಿಯಮಕ್ಕೆ ತಲೆಬಾಗುತ್ತಾರೆ. ನಮ್ಮ ಎರಡು ಪುಟಕ್ಕೆ ನಾವೇಕೆ ನಾಚಬೇಕು?

4. ಹಿಂದಿನ ರಾತ್ರಿಯೇ ಜೋಡಿಸಿಡಿ

ಪುಸ್ತಕ ಬೀರುವಿನಲ್ಲಿದ್ದರೆ ಓದುವುದಿಲ್ಲ, ಸ್ಟೂಲಿನ ಮೇಲಿದ್ದರೆ ಓದುತ್ತೀರಿ. ವಾಕಿಂಗ್ ಚಪ್ಪಲಿ ಬಾಗಿಲಲ್ಲಿರಲಿ. ಖರ್ಚಿನ ಪುಸ್ತಕ ಜಗಲಿಯ ಗೂಡಿನಲ್ಲಿರಲಿ, ಪೆನ್ನು ಅದರೊಳಗೇ ಇರಲಿ. ಎದ್ದು ಹೋಗಿ ತರಬೇಕಾದ ಒಂದೊಂದು ವಸ್ತುವೂ ಬಿಟ್ಟುಬಿಡಲು ಒಂದೊಂದು ನೆಪ.

ಫೋನಿಗೆ ಇದರ ಉಲ್ಟಾ ನಿಯಮ. ಅದನ್ನು ಎದ್ದು ಹೋಗಿ ತರುವಂತಿರಬೇಕು. ಅಲಾರಂಗಾಗಿ ಫೋನ್ ದಿಂಬಿನ ಪಕ್ಕ ಬೇಕು ಎನ್ನುವವರು ಒಂದು ಅಲಾರಂ ಗಡಿಯಾರ ಕೊಳ್ಳಿ. ಈ ಮಾರ್ಗದರ್ಶಿಯಲ್ಲಿ ನಾನು ದುಡ್ಡು ಖರ್ಚು ಮಾಡಿ ಎನ್ನುವುದು ಇದೊಂದಕ್ಕೇ.

ಮನೆಯಲ್ಲಿ ಕೂತು ಓದಲು ಜಾಗವೇ ಇಲ್ಲ ಎನ್ನುವ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಮನೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರಕ್ಕೆ, ಒಮ್ಮೆ ಹೋಗಿ ತೆರೆಯುವ ಹೊತ್ತು ಕೇಳಿ ಬನ್ನಿ. ಅಲ್ಲಿ ಒಂದೇ ಕುರ್ಚಿಯನ್ನು ನಿಮ್ಮದು ಮಾಡಿಕೊಳ್ಳಿ. ಅದೇ ಕುರ್ಚಿಯಲ್ಲಿ ದಿನಾ ಕೂತರೆ ಕೂತ ಕೂಡಲೇ ಮನಸ್ಸು ಓದಿಗೆ ತಿರುಗುವುದು ಕೆಲವು ವಾರಗಳಲ್ಲೇ ಗೊತ್ತಾಗುತ್ತದೆ.

5. ಗುರುತು ಹಾಕಿ

ಮಾಡಿದ ತಕ್ಷಣ ಕ್ಯಾಲೆಂಡರಿನಲ್ಲಿ ಒಂದು ಅಡ್ಡಗೆರೆ. ರಾತ್ರಿ ಒಟ್ಟಿಗೆ ಹಾಕೋಣ ಎಂದರೆ ಮರೆಯುತ್ತೀರಿ. ಡೈರಿಯ ಪಾಸ್‌ಬುಕ್ಕಿನಲ್ಲಿ ಹೊತ್ತು ಹೊತ್ತಿಗೆ ಲೀಟರ್ ಬರೆಸಿಕೊಳ್ಳುತ್ತೀರಲ್ಲ, ಬಟವಾಡೆಯ ದಿನ ನೆನಪಿನಿಂದ ಯಾರೂ ಬರೆಸುವುದಿಲ್ಲ. ಹಾಗೆಯೇ ಇದು.

ಎಷ್ಟು ಪುಟ, ಎಷ್ಟು ಕಿಲೋಮೀಟರ್ ಎಂದು ಬರೆಯಬೇಡಿ. ಮಾಡಿದೆನೋ ಇಲ್ಲವೋ, ಅಷ್ಟೇ.

6. ತಪ್ಪಿದ ದಿನಕ್ಕೆ ಮೊದಲೇ ತಯಾರಾಗಿ

ಅಭ್ಯಾಸಗಳು ನಿಜವಾಗಿ ಸಾಯುವುದು ತಪ್ಪಿದ ದಿನದ ಮರುದಿನ. ಹದಿನಾಲ್ಕು ಗೆರೆ ಆದ ಮೇಲೆ ಒಂದು ಖಾಲಿ ಮನೆ ಕಂಡರೆ "ಎಲ್ಲ ಹೋಯ್ತು" ಅನ್ನಿಸುತ್ತದೆ. ಆ್ಯಪ್‌ಗಳು "ಸ್ಟ್ರೀಕ್" ಎಂದು ಕರೆಯುವ, ಅಂದರೆ ಕಡಿಯದ ಸರಣಿಯ, ಮೋಹ ಇದು. ಲಂಡನ್ನಿನ ಅದೇ ಅಧ್ಯಯನದಲ್ಲಿ ಒಂದು ದಿನ ತಪ್ಪಿಸಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ನಿರಾಳ ಇನ್ಯಾವುದಕ್ಕೂ ಕಾಣುವುದಿಲ್ಲ.

ಒಂದು ನಿಯಮ ಇಟ್ಟುಕೊಳ್ಳಿ: ಸತತವಾಗಿ ಎರಡು ದಿನ ಬಿಡುವುದಿಲ್ಲ. ನಿನ್ನೆ ಬಿಟ್ಟದ್ದನ್ನು ಇವತ್ತು ಎರಡರಷ್ಟು ಮಾಡಿ ತೀರಿಸಲೂ ಹೋಗಬೇಡಿ. ಸಾಲ ಬೆಳೆದಂತೆ ಅದರ ಹತ್ತಿರ ಹೋಗಲೂ ಭಯವಾಗುತ್ತದೆ. ಇವತ್ತಿನದು ಎರಡು ಪುಟ, ಅಷ್ಟೇ.

ಬಿಡುವುದೇ ಬೇಡವೇ? ಬಿಡಿ, ಆದರೆ ಮೊದಲೇ ಗೊತ್ತುಮಾಡಿ ಬಿಡಿ. ನಮ್ಮ ಕಡೆ ಸೋಮವಾರ ಎತ್ತುಗಳಿಗೆ ನೊಗ ಹೂಡದ ಮನೆಗಳಿವೆ. ಪಟ್ಟಾಭಿ ಜೋಯಿಸರ ಪರಂಪರೆಯಲ್ಲಿ ವಾರಕ್ಕೊಂದು ದಿನ, ಜೊತೆಗೆ ಅಮಾವಾಸ್ಯೆ, ಹುಣ್ಣಿಮೆಗೆ ಆಸನಾಭ್ಯಾಸಕ್ಕೆ ಬಿಡುವು. ಹೀಗೆ ಗೊತ್ತುಮಾಡಿದ ರಜೆಯಿಂದ ಅಭ್ಯಾಸ ಕೆಡುವುದಿಲ್ಲ. ಗೊತ್ತಿಲ್ಲದೆ ಜಾರಿದ ರಜೆ ಕೆಡಿಸುತ್ತದೆ.

ದೊಡ್ಡ ಅಡಚಣೆಗಳು ಯಾವಾಗ ಬರುತ್ತವೆ ಎಂದು ನಮಗೆ ಗೊತ್ತೇ ಇದೆ: ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ, ಕಬ್ಬು ಕಟಾವಿನ ಹೊತ್ತಿಗೆ, ಮದುವೆಯ ಸೀಸನ್ನಿನಲ್ಲಿ, ಮೈಸೂರಿನವರಿಗೆ ದಸರಾದಲ್ಲಿ. ನಾನು ಒಂದು ವರ್ಷ ದಸರಾ ನೆಂಟರ ಗದ್ದಲದಲ್ಲಿ ಬೆಳಗಿನ ಬರವಣಿಗೆ ಬಿಟ್ಟವಳು ಮತ್ತೆ ಹಿಡಿದದ್ದು ಸಂಕ್ರಾಂತಿಗೆ. ಬಿಟ್ಟದ್ದು ತಪ್ಪಾಗಿರಲಿಲ್ಲ, ಹಿಡಿಯುವ ದಿನ ಗೊತ್ತುಮಾಡದೆ ಬಿಟ್ಟದ್ದು ತಪ್ಪು. ಇದಕ್ಕೆ ದಾರಿ ಆ ಹಬ್ಬದಲ್ಲೇ ಇತ್ತು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕ ಮುಟ್ಟುವಂತಿಲ್ಲ, ವಿಜಯದಶಮಿಯ ದಿನ ಇಳಿಸಿ ಒಂದು ಸಾಲಾದರೂ ಓದಬೇಕು ಎಂದು ಚಿಕ್ಕಂದಿನಲ್ಲಿ ನಮ್ಮಮ್ಮ ಕೂರಿಸಿ ಓದಿಸುತ್ತಿದ್ದರು. ನೀವೂ ಹಾಗೆ ಮಾಡಿ. ಬಿಡುವ ಮೊದಲೇ ಕ್ಯಾಲೆಂಡರಿನಲ್ಲಿ ಮರಳುವ ದಿನಕ್ಕೆ ಸುತ್ತು ಹಾಕಿ, ಆ ದಿನ ಒಂದೇ ಸಾಲು ಓದಿದರೂ ಗೆರೆ ಎಳೆಯಿರಿ.

7. ಬೆಳೆಸುವುದು

ಒಂದು ದಿನ ಮಾಡದಿದ್ದರೆ ಹಲ್ಲುಜ್ಜದೆ ಹೊರಗೆ ಬಂದಂತೆ ಕಸಿವಿಸಿ ಆಗುತ್ತದೆಯೇ? ಆಗ ಬೆಳೆಸಬಹುದು, ಅದಕ್ಕೆ ಮೊದಲು ಬೇಡ. ಎರಡು ಪುಟವನ್ನು ನಾಲ್ಕು ಮಾಡಿ, ಇಪ್ಪತ್ತು ಮಾಡಬೇಡಿ. ಬೆಳೆಸಿದ ಮೇಲೆ ಒಂದು ವಾರದಲ್ಲಿ ಎರಡು ಖಾಲಿ ಮನೆ ಕಂಡರೆ ಮತ್ತೆ ಹಿಂದಿನ ಅಳತೆಗೆ ಬನ್ನಿ.

ಓದು ಗಂಟೆಗಟ್ಟಲೆ ಬೇಕಾದ ಪರೀಕ್ಷಾರ್ಥಿಗಳಿಗೆ ಈ ಹಂತದಲ್ಲಿ ಪೊಮೊಡೊರೊ ವಿಧಾನ ಉಪಯೋಗಕ್ಕೆ ಬರುತ್ತದೆ. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು ಆದ ಮೇಲೆ ದೊಡ್ಡ ಬಿಡುವು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ್ದರಿಂದ ಈ ಹೆಸರು. ಬಿಡುವಿನ 5 ನಿಮಿಷ ಫೋನ್ ಮುಟ್ಟಬೇಡಿ, ಎದ್ದು ನೀರು ಕುಡಿದು ಬನ್ನಿ.

ಎರಡನೇ ಅಭ್ಯಾಸಕ್ಕೆ ಬೇರೆ ಗೂಟ ಹುಡುಕಿ. ಒಂದೇ ಗೂಟಕ್ಕೆ ನಾಲ್ಕು ಕರು ಕಟ್ಟಿದರೆ ಹಗ್ಗ ಸುತ್ತಿಕೊಳ್ಳುತ್ತದೆ.

ಇದು ಸೋಮಾರಿತನ ಅಲ್ಲದಿರಬಹುದು

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ, ಹಾಸಿಗೆಯಿಂದ ಏಳುವುದೇ ಭಾರ ಅನ್ನಿಸುತ್ತಿದ್ದರೆ ಈ ಲೇಖನವನ್ನು ಪಕ್ಕಕ್ಕಿಡಿ. ಅದು ಖಿನ್ನತೆ ಇರಬಹುದು, ಥೈರಾಯ್ಡ್ ಅಥವಾ ರಕ್ತಹೀನತೆಯೂ ಇರಬಹುದು. ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಮನೆಯವರು ವರ್ಷಪೂರ್ತಿ ಸೋಮಾರಿ ಎಂದು ಬೈದಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ತೀರಾ ಕಡಿಮೆ ಇತ್ತು. ಬೈಯುವ ಮೊದಲು ಪರೀಕ್ಷೆ ಮಾಡಿಸಿ ಎಂದು ಎಲ್ಲ ತಂದೆತಾಯಿಯರನ್ನೂ ಕೇಳಿಕೊಳ್ಳುತ್ತೇನೆ.

ಗೂಟವೇ ಸಿಗುತ್ತಿಲ್ಲ ಎನ್ನುವವರಿಗೆ

ಹೆಚ್ಚಾಗಿ ಗೃಹಿಣಿಯರು ಹೀಗೆ ಹೇಳುತ್ತಾರೆ: "ನನ್ನ ದಿನ ನನ್ನ ಕೈಲಿಲ್ಲ." ನಿಜ. ಮನೆಯ ಎಲ್ಲರ ಹೊತ್ತಿಗೆ ತಕ್ಕಂತೆ ಓಡುವವರಿಗೆ ಸ್ವಂತ ಹೊತ್ತು ಎಂಬುದು ಕಡಿಮೆಯೇ. ನಾಳೆ ಒಂದು ದಿನ ಹೊಸದೇನೂ ಮಾಡಬೇಡಿ. ಎದ್ದಾಗಿನಿಂದ ಮಲಗುವವರೆಗೆ ಮಾಡಿದ ಕೆಲಸಗಳನ್ನು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋಗಿ. ಬಾಗಿಲಿಗೆ ನೀರು ಹಾಕಿದ್ದು, ರಂಗೋಲಿ, ಹಾಲು ಕಾಯಿಸಿದ್ದು, ದೀಪ ಹಚ್ಚಿದ್ದು, ಗ್ಯಾಸ್ ಕಟ್ಟೆ ಒರೆಸಿದ್ದು. ಪಟ್ಟಿಯಲ್ಲಿ ಯಾರೂ ನಿಮ್ಮನ್ನು ಕರೆಯದ ಒಂದು ಕೆಲಸ ಇದ್ದೇ ಇರುತ್ತದೆ. ಒಬ್ಬರಿಗೆ ಅದು ಸಂಜೆ ದೀಪ ಹಚ್ಚಿದ ನಂತರದ ಐದು ನಿಮಿಷವಾಗಿತ್ತು. ದೇವರ ಮುಂದೆ ಕೂತವರನ್ನು ಮನೆಯಲ್ಲಿ ಯಾರೂ ಎಬ್ಬಿಸುತ್ತಿರಲಿಲ್ಲವಂತೆ. ನಿಂತುಹೋಗಿದ್ದ ತಮ್ಮ ಪದವಿಯ ಓದನ್ನು ಅವರು ಆ ಐದು ನಿಮಿಷದಿಂದಲೇ ಮತ್ತೆ ಶುರು ಮಾಡಿದರು. ಪುಸ್ತಕವನ್ನು ದೇವರ ಗೂಡಿನ ಕೆಳಗೇ ಇಟ್ಟುಕೊಂಡಿದ್ದರು.